‘ನಾಲ್ಕು ಜನ ಏನೆಂದಾರು?’: ಊರಿನ ಮಾತು ಮತ್ತು ಊರಿನ ಮನಸ್ಸು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಬೆಳಗಿನ ಅವಧಿಯಲ್ಲಿ ಕ್ರಿಯಾ ಯೋಜನೆ, ಲೆಕ್ಕಪತ್ರ, ಜಮಾಬಂದಿ ಮುಂತಾದ ವಿಷಯಗಳನ್ನು ಕುರಿತು ತಾವು ಸಾಕಷ್ಟು ಕೇಳಿದ್ದೀರಿ. ಊಟದ ನಂತರದ ಈ ಅವಧಿಯನ್ನು ನನಗೆ ವಹಿಸಲಾಗಿದೆ. ನನ್ನ ವಿಷಯಕ್ಕೆ ನಮೂನೆ ಇಲ್ಲ, ವಹಿ ಇಲ್ಲ, ಆದೇಶ ಸಂಖ್ಯೆಯೂ ಇಲ್ಲ. ಆದರೂ ನಮ್ಮ ಪಂಚಾಯತಿಗಳ ಎಷ್ಟೋ ಕೆಲಸಗಳು ಸಾಗುವುದು ಅಥವಾ ನಿಲ್ಲುವುದು ಇದರಿಂದಲೇ ಎಂಬುದು ನನ್ನ ಅನುಭವ. ನಾವೆಲ್ಲರೂ ದಿನಕ್ಕೊಮ್ಮೆಯಾದರೂ ಕೇಳುವ ‘ನಾಲ್ಕು ಜನ ಏನೆಂದಾರು?’ ಎಂಬ ಮಾತೇ ಆ ವಿಷಯ. ಆ ನಾಲ್ಕು ಜನ ಯಾರು, ಅವರು ನಿಜವಾಗಿ ಏನೆನ್ನುತ್ತಾರೆ ಎಂಬುದನ್ನು ನಾವು ವಿಚಾರಿಸುವುದೇ ಇಲ್ಲ. ವಿಚಾರಿಸಿದವರಿಗೆ ಸಿಕ್ಕ ಉತ್ತರಗಳನ್ನು ಇಂದು ತಮ್ಮ ಮುಂದಿಡುತ್ತೇನೆ.

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಕೊಳವೆಯಲ್ಲಿ ನೀರು ಹೇಗೆ ಹರಿಯುತ್ತದೆ, ಎಷ್ಟು ಎತ್ತರದ ಟ್ಯಾಂಕಿನಿಂದ ಎಷ್ಟು ಒತ್ತಡ ದೊರೆಯುತ್ತದೆ ಎಂಬುದನ್ನು ಕಾಲೇಜಿನಲ್ಲಿ ಕಲಿಸಿದರು. ನೀರು ಮನೆಗೆ ತಲುಪಿದ ಮೇಲೂ ಕೆಲವರು ನೀರಿನ ಕರವನ್ನು ಏಕೆ ಕಟ್ಟುವುದಿಲ್ಲ ಎಂಬುದನ್ನು ಅಲ್ಲಿ ಯಾರೂ ಕಲಿಸಲಿಲ್ಲ. ಅದನ್ನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಸೇವೆಗೆ ಸೇರಿದ ಹೊಸತು. ಉತ್ಸಾಹ ಹೆಚ್ಚು, ಅನುಭವ ಕಡಿಮೆ. ನಾನಿದ್ದ ಪಂಚಾಯತಿಯಲ್ಲಿ ನೀರಿನ ಕರದ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ವಿದ್ಯುತ್ ಬಿಲ್ಲಿನ ನೋಟಿಸು ಬಂದಿತ್ತು. ನೀರುಗಂಟಿಗಳ ವೇತನ ತಡವಾಗುತ್ತಿತ್ತು. ನಾನು ಗ್ರಾಮ ಸಭೆಯಲ್ಲಿ ಎದ್ದುನಿಂತು ಬಾಕಿಯ ಒಟ್ಟು ಮೊತ್ತವನ್ನು ಗಟ್ಟಿಯಾಗಿ ಓದಿದೆ. ‘ಈ ಊರಿನಲ್ಲಿ ಯಾರೂ ನೀರಿನ ಕರ ಕಟ್ಟುವುದಿಲ್ಲ, ಹೀಗಾದರೆ ಪಂಚಾಯತಿ ನಡೆಯುವುದು ಹೇಗೆ?’ ಎಂದು ಕೇಳಿದೆ. ಬಾಕಿದಾರರ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದೆ. ಸದಸ್ಯರೂ ದನಿಗೂಡಿಸಿದರು. ಸಭೆ ಮುಗಿದಾಗ ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿ ನನಗಿತ್ತು.

ಎರಡು ದಿನಗಳ ನಂತರ ವಯಸ್ಸಾದ ತಾಯಿಯೊಬ್ಬರು ಕಚೇರಿಗೆ ಬಂದರು. ಸೆರಗಿನ ಗಂಟಿನಲ್ಲಿ ರಸೀದಿಗಳಿದ್ದವು. ಒಂದು ವರ್ಷದ್ದಲ್ಲ, ಹಲವು ವರ್ಷಗಳದ್ದು. ಅವುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿ ಅವರು ಕೇಳಿದ್ದು ಇಷ್ಟೇ: “ಯಾರೂ ಕಟ್ಟೋದಿಲ್ಲವಂತಲ್ಲ ಸ್ವಾಮಿ, ಹಾಗಾದರೆ ನಾನೊಬ್ಬಳೇ ದಡ್ಡಿಯೇ?”

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೋದ ಮೇಲೆ ಬೇಡಿಕೆ ವಹಿಯನ್ನು ತೆಗೆದು ಮೊದಲ ಬಾರಿಗೆ ರೂಪಾಯಿಗಳನ್ನು ಬಿಟ್ಟು ಮನೆಗಳನ್ನು ಎಣಿಸಿದೆ. ಅರ್ಧಕ್ಕಿಂತ ಹೆಚ್ಚು ಮನೆಗಳು ಆ ವರ್ಷದ ಕರವನ್ನು ಕಟ್ಟಿದ್ದವು. ಬಾಕಿಯ ಮೊತ್ತ ದೊಡ್ಡದಾಗಿ ಕಂಡದ್ದು ಹಲವು ವರ್ಷಗಳಿಂದ ಕಟ್ಟದೆ ಉಳಿಸಿಕೊಂಡ ಕೆಲವೇ ಮನೆಗಳಿಂದ ಮತ್ತು ಒಂದೆರಡು ವಾಣಿಜ್ಯ ಸಂಪರ್ಕಗಳಿಂದ. ಹಣದ ಲೆಕ್ಕ ಸರಿಯಾಗಿತ್ತು. ಅದರಿಂದ ನಾನು ತೆಗೆದ ಅರ್ಥ ತಪ್ಪಾಗಿತ್ತು. ‘ಯಾರೂ ಕಟ್ಟುವುದಿಲ್ಲ’ ಎಂಬುದು ಸುಳ್ಳು. ಆ ಸುಳ್ಳನ್ನು ಸರ್ಕಾರಿ ಅಧಿಕಾರಿಯಾದ ನಾನೇ, ಗ್ರಾಮ ಸಭೆಯಂತಹ ಸ್ಥಳದಲ್ಲಿ, ಧ್ವನಿವರ್ಧಕದ ಮೂಲಕ ಸಾರಿದ್ದೆ. ಆ ತ್ರೈಮಾಸಿಕದಲ್ಲಿ ವಸೂಲಿ ಏರಲಿಲ್ಲ. ಪ್ರತಿ ವರ್ಷ ತಾವಾಗಿಯೇ ಬಂದು ಕಟ್ಟುತ್ತಿದ್ದ ಕೆಲವರು ಕೂಡ ‘ನೋಡೋಣ’ ಎನ್ನತೊಡಗಿದರೆಂದು ಕರ ವಸೂಲಿಗಾರರು ತಿಳಿಸಿದರು.

ಹಾಲಿನ ಕೊಳದ ಕಥೆ ತಮಗೆ ಗೊತ್ತು. ರಾಜನು ರಾತ್ರಿ ಒಬ್ಬೊಬ್ಬರೂ ಒಂದೊಂದು ಚೊಂಬು ಹಾಲು ಸುರಿಯಬೇಕೆಂದು ಆಜ್ಞಾಪಿಸುತ್ತಾನೆ. ‘ಎಲ್ಲರೂ ಹಾಲು ಹಾಕುವಾಗ ನನ್ನದೊಂದು ಚೊಂಬು ನೀರು ಯಾರಿಗೆ ಗೊತ್ತಾದೀತು’ ಎಂದು ಪ್ರತಿಯೊಬ್ಬರೂ ನೀರು ಸುರಿಯುತ್ತಾರೆ. ನಮ್ಮ ಊರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಹೆಚ್ಚಿನವರು ಹಾಲನ್ನೇ ಸುರಿದಿದ್ದರು. ನಾನು ಹೋಗಿ ‘ಕೊಳದಲ್ಲಿರುವುದು ಬರೀ ನೀರು’ ಎಂದು ಡಂಗುರ ಹೊಡೆಸಿದೆ.

ಇದೇ ತಪ್ಪನ್ನು ಬೇರೆಡೆಯೂ ಮಾಡಿದ್ದಾರೆಂದು ನನಗೆ ಅನಂತರ ಓದಿನಿಂದ ತಿಳಿಯಿತು. ಅಮೆರಿಕದ ಅರಿಝೋನಾ ರಾಜ್ಯದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಕೋಟ್ಯಂತರ ವರ್ಷಗಳ ಹಿಂದೆಯೇ ಕಲ್ಲಾಗಿ ಮಾರ್ಪಟ್ಟ ಮರದ ತುಂಡುಗಳು ಅಲ್ಲಿ ಹರಡಿಕೊಂಡಿವೆ. ಬಂದವರು ಒಂದೊಂದು ಚೂರನ್ನು ಜೇಬಿಗಿಳಿಸುವುದು ಅಲ್ಲಿನ ತೊಂದರೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ದಾರಿಗಳಲ್ಲಿ ಗುರುತು ಮಾಡಿದ ತುಂಡುಗಳನ್ನಿಟ್ಟು, ಎರಡು ಬಗೆಯ ಫಲಕಗಳನ್ನು ಪರೀಕ್ಷಿಸಿದರು. ‘ಹಿಂದೆ ಬಂದ ಅನೇಕರು ತುಂಡುಗಳನ್ನು ಕೊಂಡೊಯ್ದು ಉದ್ಯಾನದ ಸ್ವರೂಪವನ್ನೇ ಬದಲಿಸಿದ್ದಾರೆ’ ಎಂದು ಕೊರಗುವ ಫಲಕ ಒಂದು. ‘ದಯವಿಟ್ಟು ತುಂಡುಗಳನ್ನು ತೆಗೆದುಕೊಂಡು ಹೋಗಬೇಡಿ’ ಎಂಬ ಸರಳ ಫಲಕ ಇನ್ನೊಂದು. ಮೊದಲನೆಯ ಫಲಕವಿದ್ದಾಗ ಗುರುತಿನ ತುಂಡುಗಳ ಪೈಕಿ ಶೇಕಡ 8ರಷ್ಟು ಕಳವಾದವು. ಎರಡನೆಯದಿದ್ದಾಗ ಶೇಕಡ 2ಕ್ಕಿಂತಲೂ ಕಡಿಮೆ. ಕಳ್ಳತನವನ್ನು ಖಂಡಿಸಲು ಹೊರಟ ಫಲಕವು ‘ಎಲ್ಲರೂ ಒಯ್ಯುತ್ತಾರೆ’ ಎಂಬ ಸುದ್ದಿಯನ್ನು ಹಂಚಿತು. ಓದಿದವರಿಗೆ ಖಂಡನೆಗಿಂತ ಸುದ್ದಿಯೇ ಹೆಚ್ಚು ಮುಟ್ಟಿತು.

ನಮ್ಮ ಕಚೇರಿಗಳ ಗೋಡೆಬರಹಗಳನ್ನೂ, ನಾವು ವಾರ್ಡ್ ಸಭೆಗಳಲ್ಲಿ ಆಡುವ ಮಾತುಗಳನ್ನೂ ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ‘ಜನ ಕಸವನ್ನು ಚರಂಡಿಗೇ ಎಸೆಯುತ್ತಾರೆ’, ‘ಯಾರೂ ಹಸಿ ಕಸ ಒಣ ಕಸ ಬೇರ್ಪಡಿಸುವುದಿಲ್ಲ’, ‘ಎಲ್ಲರೂ ಶೌಚಾಲಯದಲ್ಲಿ ಸೌದೆ ತುಂಬಿದ್ದಾರೆ’. ಸಿಟ್ಟಿನಿಂದ ಆಡಿದ ಈ ಮಾತುಗಳನ್ನು ಕೇಳಿ ಕಸ ಬೇರ್ಪಡಿಸುವ ಗೃಹಿಣಿಯು ತಾನು ಒಬ್ಬಂಟಿ ಎಂದುಕೊಳ್ಳುತ್ತಾಳೆ. ಬೇರ್ಪಡಿಸದವನು ತಾನು ಊರಿನೊಂದಿಗೇ ಇದ್ದೇನೆಂದು ನೆಮ್ಮದಿ ಪಡೆಯುತ್ತಾನೆ.

ಮನುಷ್ಯನು ಸುತ್ತಲಿನವರನ್ನು ನೋಡಿ ನಡೆಯುವುದು ದೌರ್ಬಲ್ಯವೇನಲ್ಲ. ಯಾವ ಬೀಜ ಬಿತ್ತಬೇಕು, ಯಾವ ವೈದ್ಯರಲ್ಲಿಗೆ ಹೋಗಬೇಕು ಎಂಬುದನ್ನು ನೆರೆಯವರನ್ನು ನೋಡಿಯೇ ನಾವು ನಿರ್ಧರಿಸುತ್ತೇವೆ. ಜನರು ಏನು ಮಾಡುತ್ತಾರೆ ಎಂಬುದು ಒಂದು, ಜನರು ಯಾವುದನ್ನು ಸರಿ ಎಂದು ಒಪ್ಪುತ್ತಾರೆ ಎಂಬುದು ಇನ್ನೊಂದು. ಎರಡೂ ನಮ್ಮನ್ನು ನಡೆಸುತ್ತವೆ. ತೊಂದರೆಯೆಂದರೆ, ಇವೆರಡನ್ನೂ ನಾವು ನೇರವಾಗಿ ಕಾಣುವುದಿಲ್ಲ, ಅಂದಾಜು ಮಾಡುತ್ತೇವೆ. ನನ್ನ ಪಂಚಾಯತಿಯ ಒಂದು ಓವರ್‌ಹೆಡ್ ಟ್ಯಾಂಕಿನ ಹೊರಗೋಡೆಯ ಮೇಲೆ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ ಇತ್ತು. ಒಳಗಿನ ತೇಲುಗುಂಡು ಒಂದು ಕಡೆ ಸಿಕ್ಕಿಕೊಂಡಿದ್ದರಿಂದ ಅದು ಯಾವಾಗಲೂ ‘ಖಾಲಿ’ ಎಂದೇ ತೋರಿಸುತ್ತಿತ್ತು. ನೀರುಗಂಟಿ ಅದನ್ನು ನಂಬಿ ಮೋಟಾರು ಚಾಲೂ ಮಾಡುತ್ತಿದ್ದರು, ಟ್ಯಾಂಕು ತುಂಬಿ ಹರಿಯುತ್ತಿತ್ತು. ಅವರ ನಿಷ್ಠೆಯಲ್ಲಿ ಕೊರತೆ ಇರಲಿಲ್ಲ. ನೆರೆಹೊರೆಯ ಬಗ್ಗೆ ನಾವು ಮನಸ್ಸಿನಲ್ಲಿಟ್ಟುಕೊಂಡಿರುವ ಅಳತೆಪಟ್ಟಿಯೂ ಹಲವು ವಿಷಯಗಳಲ್ಲಿ ಹೀಗೆಯೇ ಸಿಕ್ಕಿಕೊಂಡಿದೆ. ಕೆಟ್ಟದ್ದು ಎದ್ದು ಕಾಣುತ್ತದೆ. ರಸ್ತೆಬದಿಯಲ್ಲಿ ಬಿದ್ದ ಒಂದು ಚೀಲ ಕಸ ಇಡೀ ಬೀದಿಗೆ ಕಾಣುತ್ತದೆ. ಮನೆಯೊಳಗೆ ಎರಡು ಬುಟ್ಟಿ ಇಟ್ಟುಕೊಂಡದ್ದು ಯಾರಿಗೂ ಕಾಣುವುದಿಲ್ಲ. ಬಾಕಿ ಉಳಿಸಿಕೊಂಡವರು ಚಹಾದಂಗಡಿಯಲ್ಲಿ ಜಂಬದಿಂದ ಹೇಳಿಕೊಳ್ಳುತ್ತಾರೆ. ಕಟ್ಟಿದವರು ರಸೀದಿಯನ್ನು ಗೂಡಿನಲ್ಲಿಟ್ಟು ಸುಮ್ಮನಿರುತ್ತಾರೆ.

ಪ್ರತಿಯೊಬ್ಬರೂ ಒಳಗೆ ಒಂದನ್ನು ಬಯಸಿ, ಉಳಿದವರೆಲ್ಲ ಬೇರೊಂದನ್ನು ಬಯಸುತ್ತಾರೆಂದು ತಿಳಿದು, ಹೊರಗೆ ಆ ಬೇರೊಂದರಂತೆಯೇ ನಡೆದುಕೊಳ್ಳುವ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು 1930ರ ದಶಕದಿಂದಲೇ ಗುರುತಿಸಿದ್ದಾರೆ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಸಾಮಾನ್ಯ ಸಭೆಗಳನ್ನೇ ನೋಡಿ. ಕಾರ್ಯಸೂಚಿಯ ಒಂದು ವಿಷಯ ಬರುತ್ತದೆ. ಒಬ್ಬಿಬ್ಬರು ಹಿರಿಯ ಸದಸ್ಯರು ‘ಆಗಲಿ’ ಎನ್ನುತ್ತಾರೆ. ಉಳಿದವರು ಮೌನ. ನಾನು ನಡವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಯುತ್ತೇನೆ. ಸಭೆ ಮುಗಿದು ಹೊರಗೆ ಚಹಾ ಕುಡಿಯುವಾಗ ಏಳೆಂಟು ಸದಸ್ಯರು ಒಬ್ಬೊಬ್ಬರಾಗಿ ಬಂದು ‘ಸಾರ್, ನನಗೆ ಅದು ಅಷ್ಟು ಸರಿ ಕಾಣಲಿಲ್ಲ, ಆದರೆ ಎಲ್ಲರೂ ಒಪ್ಪಿದ್ದರು, ಅದಕ್ಕೇ ಸುಮ್ಮನಿದ್ದೆ’ ಎನ್ನುತ್ತಾರೆ. (ಸಭಾಂಗಣದಲ್ಲಿ ಕೇಳಿಬರುತ್ತಿರುವ ನಗುವಿನಿಂದ, ಇದು ನನ್ನ ಪಂಚಾಯತಿಯ ವಿಶೇಷವಲ್ಲವೆಂದು ತಿಳಿಯುತ್ತೇನೆ.)

1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಕೆಲವು ಗೆರೆಗಳನ್ನು ತೋರಿಸಿ, ಯಾವುದು ಯಾವುದಕ್ಕೆ ಸಮ ಎಂದು ಗುಂಪಿನಲ್ಲಿ ಕೇಳುವುದು. ಗುಂಪಿನಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಬೇಕೆಂದೇ ತಪ್ಪು ಉತ್ತರ ಕೊಡುವವರು. ಕಣ್ಣಿಗೆ ನಿಚ್ಚಳವಾಗಿ ಕಾಣುವ ಗೆರೆಯ ವಿಷಯದಲ್ಲಿಯೂ ಸುಮಾರು ನಾಲ್ಕರಲ್ಲಿ ಮೂವರು ಒಮ್ಮೆಯಾದರೂ ಗುಂಪಿನೊಂದಿಗೆ ತಪ್ಪು ಹೇಳಿದರು. ನಮಗೆ ಮುಖ್ಯವಾದ ಭಾಗ ಮುಂದಿನದು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬನು ಸರಿಯುತ್ತರ ಹೇಳಿದಾಗ, ಹೀಗೆ ಮಣಿಯುವುದು ತೀವ್ರವಾಗಿ ಕುಸಿಯಿತು. ಅಂದಿನಿಂದ ನನ್ನ ಪಂಚಾಯತಿಯಲ್ಲಿ ಅಧ್ಯಕ್ಷರನ್ನು ಒಪ್ಪಿಸಿ ಒಂದು ರೂಢಿ ತಂದೆವು. ಮುಖ್ಯ ವಿಷಯಗಳಲ್ಲಿ ಮೊದಲ ಬಾರಿಗೆ ಆಯ್ಕೆಯಾದ ಸದಸ್ಯರು ಮೊದಲು ಮಾತನಾಡುವುದು, ಹಿರಿಯರು ಕೊನೆಯಲ್ಲಿ. ಸಭೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಚಹಾದ ವೇಳೆಯ ಗೊಣಗಾಟ ಕಡಿಮೆಯಾಗಿದೆ.

ಮತ್ತೆ ನೀರಿನ ಕರಕ್ಕೆ ಬರುತ್ತೇನೆ. ಬ್ರಿಟನ್ನಿನ ತೆರಿಗೆ ಇಲಾಖೆಯು 2011ರ ಸುಮಾರಿಗೆ ಒಂದು ಲಕ್ಷಕ್ಕೂ ಹೆಚ್ಚು ಬಾಕಿದಾರರಿಗೆ ಬೇರೆ ಬೇರೆ ಒಕ್ಕಣೆಯ ಪತ್ರಗಳನ್ನು ಕಳುಹಿಸಿ ನೋಡಿತು. ಹತ್ತರಲ್ಲಿ ಒಂಬತ್ತು ಜನ ಸಮಯಕ್ಕೆ ಸರಿಯಾಗಿ ತೆರಿಗೆ ಕಟ್ಟುತ್ತಾರೆ, ಇನ್ನೂ ಕಟ್ಟದ ತೀರ ಸಣ್ಣ ಗುಂಪಿನಲ್ಲಿ ತಾವಿದ್ದೀರಿ ಎಂಬ ಅರ್ಥದ ಸಾಲನ್ನು ಸೇರಿಸಿದ ಪತ್ರಕ್ಕೆ ಸಾಮಾನ್ಯ ಪತ್ರಕ್ಕಿಂತ ಹೆಚ್ಚು ಜನ ಸ್ಪಂದಿಸಿ ಪಾವತಿಸಿದರು. ಕಾಗದ ಅದೇ, ಅಂಚೆ ಖರ್ಚು ಅದೇ. ಇದನ್ನು ಓದಿದ ಮೇಲೆ ಗೋಡೆಯ ಮೇಲಿನ ಬಾಕಿದಾರರ ಪಟ್ಟಿಯನ್ನು ತೆಗೆಸಿದೆ. ಮುಂದಿನ ಬೇಡಿಕೆ ಚೀಟಿಯ ಕೆಳಗೆ ‘ನಿಮ್ಮ ಬೀದಿಯ ಇಷ್ಟು ಮನೆಗಳಲ್ಲಿ ಇಷ್ಟು ಮನೆಗಳು ಈ ವರ್ಷದ ಕರವನ್ನು ಪಾವತಿಸಿವೆ’ ಎಂದು ಬೀದಿವಾರು ಬರೆಸಿದೆ. ಸಂಖ್ಯೆಯನ್ನು ವಹಿಯಿಂದಲೇ ತೆಗೆದು ಬರೆದದ್ದು, ಒಂದನ್ನೂ ಹೆಚ್ಚಿಸಿರಲಿಲ್ಲ.

ಇದರಲ್ಲೊಂದು ಅಪಾಯವಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಪಟ್ಟಣದಲ್ಲಿ ವಿದ್ಯುತ್ ಬಳಕೆಯ ಬಗ್ಗೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರತಿ ಮನೆಗೆ ‘ನಿಮ್ಮ ಬಳಕೆ ಇಷ್ಟು, ನೆರೆಹೊರೆಯ ಸರಾಸರಿ ಇಷ್ಟು’ ಎಂದು ತಿಳಿಸಿದರು. ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು. ಆದರೆ ಕಡಿಮೆ ಬಳಸುತ್ತಿದ್ದವರು ‘ನಾವೇ ಮಿತಿಮೀರಿ ಉಳಿಸುತ್ತಿದ್ದೇವೆ’ ಎಂದುಕೊಂಡು ಹೆಚ್ಚು ಬಳಸತೊಡಗಿದರು. ಅದೇ ಚೀಟಿಯ ಮೇಲೆ ಮೆಚ್ಚುಗೆಯ ಗುರುತಾಗಿ ಒಂದು ನಗುಮುಖವನ್ನು ಬರೆದಾಗ ಆ ಏರಿಕೆ ಕಾಣಲಿಲ್ಲ. ಆದ್ದರಿಂದ ಕರ ಕಟ್ಟಿದವರ ರಸೀದಿಯ ಮೇಲೆ ‘ಪಂಚಾಯತಿಯ ಧನ್ಯವಾದಗಳು’ ಎಂಬ ಮೊಹರು ಹಾಕಿಸತೊಡಗಿದೆವು. ಸೆರಗಿನ ಗಂಟಿನಲ್ಲಿ ರಸೀದಿ ತಂದಿದ್ದ ಆ ತಾಯಿ ಮೊಹರನ್ನು ನೋಡಿ, ಇದಕ್ಕೂ ಬೇರೆ ದುಡ್ಡು ಕೊಡಬೇಕೇ ಎಂದು ವಿಚಾರಿಸಿದರು.

ವಸೂಲಿ ಸುಧಾರಿಸಿತು. ಎಲ್ಲವೂ ಆ ಒಂದು ಸಾಲಿನಿಂದ ಎಂದು ನಾನು ಹೇಳಲಾರೆ. ಅದೇ ವರ್ಷ ಎರಡು ಕಡೆ ಕೊಳವೆ ಸೋರಿಕೆ ಸರಿಪಡಿಸಿದ್ದೆವು, ನೀರು ಬಿಡುವ ವೇಳಾಪಟ್ಟಿ ನಿಗದಿಯಾಗಿತ್ತು. ಇನ್ನೊಂದನ್ನೂ ಹೇಳಲೇಬೇಕು. ಒಂದು ಬೀದಿಯಲ್ಲಿ ಮಾತ್ರ ಆ ಸಾಲನ್ನು ಬರೆಯಲಾಗಲಿಲ್ಲ. ಏಕೆಂದರೆ ಅಲ್ಲಿ ನಿಜವಾಗಿಯೂ ಹೆಚ್ಚಿನವರು ಕಟ್ಟಿರಲಿಲ್ಲ. ಹೋಗಿ ನೋಡಿದರೆ ಅದು ಕೊಳವೆಯ ಕೊನೆಯ ತುದಿ. ವಾರಕ್ಕೆರಡು ದಿನ ಸಣ್ಣಗೆ ಹನಿಯುವ ನೀರಿಗೆ ಪೂರ್ಣ ಕರವನ್ನು ಏಕೆ ಕಟ್ಟಬೇಕು ಎಂಬುದು ಅವರ ಪ್ರಶ್ನೆ. ಅಲ್ಲಿ ತಪ್ಪಿದ್ದು ಊರಿನ ರೂಢಿಯಲ್ಲ, ಒಂದು ವಾಲ್ವ್. ವಾಲ್ವ್ ದುರಸ್ತಿಯಾಗಬೇಕಾದ ಕಡೆ ಮನಶ್ಶಾಸ್ತ್ರವನ್ನು ಹಿಡಿದು ಹೋಗಬಾರದು. ಅದು ಜನರಿಗೆ ಮಾಡುವ ಅವಮಾನ.

ಇಲ್ಲಿಯವರೆಗೆ ಹೇಳಿದ್ದು ಹಣದ ವಿಷಯ. ಹೆಚ್ಚು ಭಾರವಾದ ಇನ್ನೊಂದು ವಿಷಯವಿದೆ.

ಒಂದು ಮಧ್ಯಾಹ್ನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಕರೆ ಮಾಡಿ, ಒಂಬತ್ತನೇ ತರಗತಿಯ ಬಾಲಕಿಗೆ ಮದುವೆ ನಿಶ್ಚಯವಾಗಿದೆಯೆಂದು ತಿಳಿಸಿದರು. ಸಂಬಂಧಪಟ್ಟ ಇಲಾಖೆಗಳವರೊಂದಿಗೆ ಹೋದೆವು. ಕಾನೂನು ತಿಳಿಸಿ, ಮುಚ್ಚಳಿಕೆ ಬರೆಸಿಕೊಂಡು ಮದುವೆಯನ್ನು ನಿಲ್ಲಿಸಲಾಯಿತು. ಹೊರಡುವಾಗ ತಂದೆ ನನ್ನನ್ನು ದನದ ಕೊಟ್ಟಿಗೆಯ ಬಳಿ ಕರೆದು ಮೆಲುದನಿಯಲ್ಲಿ ಹೇಳಿದರು: “ಸಾರ್, ನನಗೂ ಮನಸ್ಸಿರಲಿಲ್ಲ. ಮಗಳು ಓದ್ತೀನಿ ಅಂತಿದ್ದಳು. ಆದರೆ ನಮ್ಮ ಕಡೆ ಯಾರೂ ಇಷ್ಟು ದಿನ ಹುಡುಗೀನ ಮನೇಲಿ ಇಟ್ಟುಕೊಳ್ಳೋದಿಲ್ಲ. ನಾಲ್ಕು ಜನ ಏನಂತಾರೆ?” ಆ ನಾಲ್ಕು ಜನ ಯಾರೆಂದು ಕೇಳಿದೆ. ಅವರು ಮೊದಲು ಹೇಳಿದ್ದು ಸ್ವಂತ ಅಣ್ಣನ ಹೆಸರನ್ನು. ಆ ಅಣ್ಣ ಜಗಲಿಯ ಮೇಲೆಯೇ ಕುಳಿತಿದ್ದರು. ಅವರೊಂದಿಗೆ ಮಾತನಾಡಿದಾಗ ಅವರೆಂದರು: “ಅವನೇ ಗಂಡು ನೋಡಿಬಂದ, ಅದಕ್ಕೆ ಸುಮ್ಮನಿದ್ದೆ. ಬೇಡ ಅಂದಿದ್ದರೆ ಖರ್ಚಿಗೆ ಹೆದರಿ ದೊಡ್ಡಪ್ಪ ಅಡ್ಡ ಬಂದ ಅಂತಿದ್ದರು.” ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು, ಇಬ್ಬರಿಗೂ ಬೇಡವಾದ ಮದುವೆಯನ್ನು, ಇನ್ನೊಬ್ಬನಿಗೆ ಬೇಕಾಗಿದೆ ಎಂದು ತಿಳಿದು ನಡೆಸಲು ಹೊರಟಿದ್ದರು.

ಇದು ಒಂದು ಮನೆಯ ಆಕಸ್ಮಿಕವೇ ಎಂಬ ಪ್ರಶ್ನೆಗೆ ಸೌದಿ ಅರೇಬಿಯಾದಲ್ಲಿ ನಡೆದ ಒಂದು ಅಧ್ಯಯನ ನನಗೆ ಬೆಳಕು ನೀಡಿತು. ವಿಷಯ ಬೇರೆ, ಸ್ವರೂಪ ಒಂದೇ. ಅರ್ಥಶಾಸ್ತ್ರಜ್ಞ ಲಿಯೊನಾರ್ಡೊ ಬುರ್ಸ್ಟಿನ್ ಮತ್ತು ಸಂಗಡಿಗರು ನಡೆಸಿದ ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ರಿಯಾದ್ ನಗರದಲ್ಲಿ 18ರಿಂದ 35 ವರ್ಷದ ಸುಮಾರು 500 ವಿವಾಹಿತ ಪುರುಷರನ್ನು, ಒಂದೇ ಪ್ರದೇಶದ ಮೂವತ್ತರಂತೆ ಗುಂಪುಗೂಡಿಸಿದರು. ಹೆಂಗಸರು ಮನೆಯ ಹೊರಗೆ ದುಡಿಯಲು ಅವಕಾಶವಿರಬೇಕೇ ಎಂದು ಪ್ರತಿಯೊಬ್ಬರನ್ನೂ ಗುಟ್ಟಾಗಿ ಕೇಳಿದರು. ಶೇಕಡ 87ರಷ್ಟು ಜನ ಇರಬೇಕೆಂದರು. ಅನಂತರ, ಈ ಕೋಣೆಯಲ್ಲಿರುವ ಉಳಿದವರಲ್ಲಿ ಎಷ್ಟು ಮಂದಿ ಹಾಗೆ ಹೇಳಿರಬಹುದು ಎಂದು ಕೇಳಿದರು. ಸುಮಾರು ನಾಲ್ಕರಲ್ಲಿ ಮೂವರು ಕಡಿಮೆಯಾಗಿಯೇ ಅಂದಾಜು ಮಾಡಿದರು. ಪಕ್ಕದಲ್ಲಿಯೇ ಕುಳಿತ, ಒಂದೇ ಬಡಾವಣೆಯ ಜನರ ಮನಸ್ಸು ಅವರಿಗೆ ತಿಳಿದಿರಲಿಲ್ಲ.

ಬಳಿಕ ಅರ್ಧದಷ್ಟು ಜನರಿಗೆ ಮಾತ್ರ ತಮ್ಮ ಗುಂಪಿನ ನಿಜವಾದ ಎಣಿಕೆಯನ್ನು ತಿಳಿಸಿದರು. ಉಪದೇಶವಿಲ್ಲ, ಭಾಷಣವಿಲ್ಲ, ಎಣಿಕೆ ಮಾತ್ರ. ಕೊನೆಯಲ್ಲಿ ಪತ್ನಿಯ ಹೆಸರನ್ನು ಉದ್ಯೋಗ ಹುಡುಕಿಕೊಡುವ ಸೇವೆಯೊಂದಕ್ಕೆ ನೋಂದಾಯಿಸುವ ಅವಕಾಶ ನೀಡಿದಾಗ, ಎಣಿಕೆ ತಿಳಿಯದವರಲ್ಲಿ ಶೇಕಡ 23 ಮಂದಿ ನೋಂದಾಯಿಸಿದರು. ತಿಳಿದವರಲ್ಲಿ ಶೇಕಡ 32. ಕೆಲವು ತಿಂಗಳ ನಂತರ ದೂರವಾಣಿಯಲ್ಲಿ ವಿಚಾರಿಸಿದಾಗ, ಮನೆಯ ಹೊರಗಿನ ಕೆಲಸಕ್ಕೆ ಅರ್ಜಿ ಹಾಕಿದ ಪತ್ನಿಯರು ಮೊದಲ ಗುಂಪಿನಲ್ಲಿ ಶೇಕಡ 6ರಷ್ಟು, ಎರಡನೆಯದರಲ್ಲಿ ಶೇಕಡ 16ರಷ್ಟು ಇದ್ದರು. ಯಾರ ಮನಸ್ಸನ್ನೂ ಬದಲಿಸಬೇಕಾಗಿರಲಿಲ್ಲ. ಇದ್ದ ಮನಸ್ಸನ್ನು ಪರಸ್ಪರ ತೋರಿಸಿದ್ದೇ ಸಾಕಾಯಿತು.

ಮದುವೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಬ್ಬ ತಂದೆಯು ಮಾತ್ರ ಗಟ್ಟಿಯಾಗಿ ನಿಂತರೆ ‘ಮುಂದೆ ಗಂಡು ಸಿಗದಿದ್ದರೆ?’ ಎಂಬ ಭಯ ಸುಳ್ಳಲ್ಲ. ಚೀನಾದಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಎಳೆಯ ವಯಸ್ಸಿನಲ್ಲಿಯೇ ಬಿಗಿದು ಕಟ್ಟಿ ಬೆಳೆಯಗೊಡದ ಪದ್ಧತಿ ಶತಮಾನಗಳ ಕಾಲ ಇತ್ತು. ತಾಯಂದಿರಿಗೆ ಮಗಳ ನೋವು ಕಾಣದಿರಲಿಲ್ಲ. ಕಟ್ಟದ ಪಾದದ ಹುಡುಗಿಗೆ ಒಳ್ಳೆಯ ಸಂಬಂಧ ಬಾರದೆಂಬ ಭಯವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿಕೊಂಡ ಸಂಘಗಳ ಸದಸ್ಯರು ಎರಡು ಪ್ರತಿಜ್ಞೆಗಳನ್ನು ಒಟ್ಟಿಗೆ ಮಾಡಿದರು: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತಂದುಕೊಳ್ಳುವುದೂ ಇಲ್ಲ. ಎರಡನೆಯ ಪ್ರತಿಜ್ಞೆಯಿಂದ ಮೊದಲನೆಯದಕ್ಕೆ ಬಲ ಬಂತು. ಸಂಶೋಧಕ ಜೆರಿ ಮ್ಯಾಕಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಅಷ್ಟು ಹಳೆಯ ಪದ್ಧತಿ ಬಹುತೇಕ ಒಂದೇ ತಲೆಮಾರಿನ ಅವಧಿಯಲ್ಲಿ ಅಳಿಯಿತು. ನಮ್ಮ ಜಾಗೃತಿ ಕಾರ್ಯಕ್ರಮಗಳೆಲ್ಲವೂ ಹೆಣ್ಣಿನ ತಂದೆತಾಯಿಯರನ್ನೇ ಉದ್ದೇಶಿಸಿವೆ. ‘ಹದಿನೆಂಟು ತುಂಬದ ಸೊಸೆ ನಮ್ಮ ಮನೆಗೆ ಬೇಡ’ ಎಂದು ಗಂಡಿನ ಕಡೆಯವರು ಊರಿನ ಮುಂದೆ ಹೇಳಿದ್ದನ್ನು ನಾನು ಇನ್ನೂ ಕೇಳಿಲ್ಲ. ಸದಸ್ಯರಲ್ಲಿ ವಯಸ್ಸಿಗೆ ಬಂದ ಗಂಡುಮಕ್ಕಳಿರುವವರು ಅನೇಕರಿದ್ದೀರಿ. ಅಕ್ಕಪಕ್ಕದ ಪಂಚಾಯತಿಗಳೊಂದಿಗೆ ಕೊಡುಕೊಳ್ಳುವ ಸಂಬಂಧಗಳಿರುವುದರಿಂದ ಎರಡು ಮೂರು ಪಂಚಾಯತಿಗಳು ಸೇರಿ ಇದನ್ನು ಮಾಡಿದರೆ ಮಾತ್ರ ಅರ್ಥ ಬಂದೀತು.

ಊರಿನ ಮನಸ್ಸನ್ನು ಎಣಿಸುವುದು ಹೇಗೆ? ಕಳೆದ ಬಾರಿಯ ಮಹಿಳಾ ಗ್ರಾಮ ಸಭೆಯಲ್ಲಿ ನಾವು ಮಾಡಿದ ವಿಧಾನವನ್ನು ಹೇಳುತ್ತೇನೆ. ಓದುಬರಹ ಬಾರದವರೂ ಇದ್ದುದರಿಂದ ಚೀಟಿ ಬಳಸಲಿಲ್ಲ. ಪ್ರತಿಯೊಬ್ಬರಿಗೂ ಒಂದು ಅವರೆಕಾಳು, ಒಂದು ಹುಣಸೆ ಬೀಜ ಕೊಟ್ಟೆವು. ಬಟ್ಟೆ ಮುಚ್ಚಿದ ಎರಡು ಬಿಂದಿಗೆಗಳನ್ನು ಪಕ್ಕದ ಕೋಣೆಯಲ್ಲಿಟ್ಟೆವು. ಹದಿನೆಂಟಕ್ಕೆ ಮೊದಲು ಮಗಳ ಮದುವೆ ಮಾಡುವುದು ಮನಸ್ಸಿಗೆ ಸರಿ ಕಾಣದಿದ್ದರೆ ಅವರೆಕಾಳನ್ನು, ಸರಿ ಕಂಡರೆ ಹುಣಸೆ ಬೀಜವನ್ನು ಮೊದಲ ಬಿಂದಿಗೆಗೆ ಹಾಕಬೇಕು. ಉಳಿದದ್ದನ್ನು ಎರಡನೆಯ ಬಿಂದಿಗೆಗೆ ಹಾಕಬೇಕು. ಕೈಯಲ್ಲಿ ಉಳಿದ ಬೀಜದಿಂದ ಗುಟ್ಟು ಹೊರಬೀಳಬಾರದಲ್ಲ. ಅಧಿಕಾರಿಯ ಮುಖ ನೋಡಿ ಉತ್ತರ ಬದಲಾಗದಿರಲೆಂದು ನಾನು ಹೊರಗೆ ರಸ್ತೆಯಲ್ಲಿ ನಿಂತಿದ್ದೆ. ಎಣಿಕೆಗೆ ಮೊದಲು ಸ್ವಸಹಾಯ ಸಂಘದ ಅಧ್ಯಕ್ಷೆಯೊಬ್ಬರು ‘ನಮ್ಮೂರಲ್ಲಿ ಎಷ್ಟು ಜನ ಸರಿ ಅಂತಾರೆ?’ ಎಂದು ಕೇಳಿದರಂತೆ. ‘ಮುಕ್ಕಾಲು ಪಾಲು’ ಎಂದು ಹಲವು ದನಿಗಳು ಬಂದವಂತೆ. ಬಿಂದಿಗೆಯನ್ನು ಮೊರದ ಮೇಲೆ ಸುರಿದಾಗ ಹುಣಸೆ ಬೀಜಗಳನ್ನು ಹುಡುಕಿ ತೆಗೆಯಬೇಕಾಯಿತು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲವೆಂದೂ, ಆಮೇಲೆ ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರೆಂದೂ ಒಳಗಿದ್ದ ಆಶಾ ಕಾರ್ಯಕರ್ತೆ ತಿಳಿಸಿದರು.

ಎಣಿಸಿದಾಗ ಹುಣಸೆ ಬೀಜವೇ ಹೆಚ್ಚಾಗಿದ್ದರೆ? ಅದು ಸಾಧ್ಯ. ಎಲ್ಲ ಕೆಟ್ಟ ರೂಢಿಗಳೂ ತಪ್ಪು ತಿಳಿವಳಿಕೆಯಿಂದ ಮಾತ್ರ ಉಳಿದಿಲ್ಲ. ಕೆಲವನ್ನು ಜನ ನಿಜವಾಗಿಯೇ ಒಪ್ಪುತ್ತಾರೆ, ಕೆಲವಕ್ಕೆ ಬಡತನ, ಪ್ರೌಢಶಾಲೆಯ ದೂರ, ಸಂಜೆಯ ಬಸ್ಸಿಲ್ಲದಿರುವುದು ಕಾರಣ. ಆಗ ಸುಳ್ಳು ಎಣಿಕೆ ಹೇಳಬಾರದು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಪಂಚಾಯತಿಯ ಮುಂದಿನ ಸತ್ಯವನ್ನೂ ಯಾರೂ ನಂಬುವುದಿಲ್ಲ. ಎಣಿಕೆ ಏನೇ ಇರಲಿ, 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮ ಎಲ್ಲರಿಗೂ ಅನ್ವಯಿಸುತ್ತದೆ, ಮಕ್ಕಳ ಸಹಾಯವಾಣಿ 1098 ಯಾವಾಗಲೂ ತೆರೆದಿರುತ್ತದೆ. ಹಾಗೆಯೇ, ಊರಿನ ಅಭಿಪ್ರಾಯದ ಬಲವನ್ನು ಬಡವರನ್ನು ಅವಮಾನಿಸಲು ಬಳಸಬಾರದು. ಬಯಲು ಬಹಿರ್ದೆಸೆ ನಿವಾರಣೆಯ ಕಾಲದಲ್ಲಿ ದೇಶದ ಹಲವೆಡೆ ಮುಂಜಾನೆ ಸೀಟಿ ಊದಿಕೊಂಡು ಜನರ ಬೆನ್ನುಹತ್ತಿದ್ದುಂಟು. ಓಡಿದವರಲ್ಲಿ ಶೌಚಾಲಯ ಕಟ್ಟಲು ಜಾಗವೇ ಇಲ್ಲದವರೂ ಇದ್ದರು. ಅಂತಹ ಕೆಲಸದಲ್ಲಿ ನಾವು ಪಾಲುದಾರರಾಗಬಾರದು.

ಮದುವೆ ನಿಂತ ಆ ಬಾಲಕಿ ಹತ್ತನೇ ತರಗತಿ ತೇರ್ಗಡೆಯಾದಳು. ಕಾಲೇಜು ದೂರವೆಂದು ಮುಂದೆ ಓದಲಿಲ್ಲ. ಮದುವೆಯಾಗಿಲ್ಲ, ಹೊಲಿಗೆ ಕಲಿಯುತ್ತಿದ್ದಾಳೆ. ಬಸ್ಸಿನ ವಿಷಯವಾಗಿ ನಮ್ಮ ಪಂಚಾಯತಿ ಎರಡು ಠರಾವುಗಳನ್ನು ಕಳುಹಿಸಿದೆ.

ನನಗೆ ನೀಡಿದ ಸಮಯ ಮುಗಿಯುತ್ತಿದೆ. ಭಾಷಣದ ಬದಲು ಒಂದು ಸಣ್ಣ ಕೆಲಸದೊಂದಿಗೆ ನಿಲ್ಲಿಸುತ್ತೇನೆ. ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಕೆಲವು ಕಡೆ ಸದಸ್ಯೆಯ ಬದಲು ಅವರ ಪತಿಯೋ ಮಗನೋ ಬಂದು ವ್ಯವಹರಿಸುತ್ತಾರೆ. ‘ಎಲ್ಲ ಕಡೆ ನಡೆಯುತ್ತದೆ, ಎಲ್ಲರೂ ಒಪ್ಪಿದ್ದಾರೆ’ ಎಂದು ನನಗೂ ಹಲವರು ಹೇಳಿದ್ದಾರೆ. ತಮ್ಮ ಕುರ್ಚಿಯ ಮೇಲೆ ಒಂದು ಬಿಳಿ ಚೀಟಿ ಇದೆ. ಹೆಸರು ಬೇಡ, ಪಂಚಾಯತಿಯ ಹೆಸರೂ ಬೇಡ. ಸದಸ್ಯೆಯ ಬದಲು ಮನೆಯ ಗಂಡಸರು ಸಭೆಯಲ್ಲಿ ಮಾತನಾಡುವುದು ತಮಗೆ ಸರಿ ಕಾಣುತ್ತದೆಯೇ, ಹೌದು ಅಥವಾ ಇಲ್ಲ ಎಂದು ಮೇಲೆ ಬರೆಯಿರಿ. ಈ ಸಭಾಂಗಣದಲ್ಲಿರುವ ನೂರರಲ್ಲಿ ಎಷ್ಟು ಮಂದಿ ‘ಸರಿ’ ಎಂದಿರಬಹುದು ಎಂಬ ತಮ್ಮ ಅಂದಾಜನ್ನು ಕೆಳಗೆ ಬರೆಯಿರಿ. ಪಕ್ಕದವರ ಚೀಟಿಯನ್ನು ನೋಡಬೇಡಿ. ಸದಸ್ಯೆಯರ ಜೊತೆಯಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಮಹನೀಯರೂ ಒಂದೊಂದು ಚೀಟಿ ತೆಗೆದುಕೊಳ್ಳಬಹುದು. ಅವರದನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿಸುತ್ತೇವೆ. ಬಾಗಿಲ ಬಳಿ ಪೆಟ್ಟಿಗೆಗಳಿವೆ. ಚಹಾ ವಿರಾಮದಲ್ಲಿ ಎಣಿಸಿ, ಎರಡೂ ಸಂಖ್ಯೆಗಳನ್ನು ಇದೇ ವೇದಿಕೆಯಿಂದ ಓದುತ್ತೇವೆ. ಫಲಿತಾಂಶ ಏನೇ ಬಂದರೂ ಓದುತ್ತೇವೆ.